ಶವಾಸನದಲ್ಲೂ ವಾಚ್ ನೋಡುತ್ತಿದ್ದ ಓಟಗಾರ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ 22 ವರ್ಷ. 800 ಮೀಟರ್ ಓಟಗಾರ. ರೇಸಿನ ಹಿಂದಿನ ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಎದೆ ಡವಡವ ಅನ್ನುತ್ತದಂತೆ, ನಿದ್ದೆಯೇ ಇಲ್ಲ. ಯೋಗ ಹೇಳಿಕೊಡುವ ನನ್ನ ಹತ್ತಿರ ಬಂದಿದ್ದ, ಜೊತೆಗೆ ಅಮ್ಮನೂ ಬಂದಿದ್ದರು.

"ಕೋಚ್ ಯೋಗ ಮಾಡು ಅಂದ್ರು ಮೇಡಂ. ಎರಡು ತಿಂಗಳು ಮಾಡಿದೆ. ನನಗೆ ಆಗಿಬರಲಿಲ್ಲ."

ಹೇಗೆ ಮಾಡ್ತಿದ್ರಿ ಅಂತ ಕೇಳಿದೆ. ನೆಲದ ಮೇಲೆ ಕೂತು ತೋರಿಸಿಯೇಬಿಟ್ಟ. ಪಶ್ಚಿಮೋತ್ತಾನಾಸನ. ಕಾಲು ನೀಡಿ, ಪಾದಕ್ಕೆ ಟವೆಲ್ ಸುತ್ತಿ ಎಳೆಯತೊಡಗಿದ. ಮಂಡಿ ಸೆಟೆದಿತ್ತು, ಬೆನ್ನು ಗೂನಾಗಿತ್ತು, ಹಲ್ಲು ಕಚ್ಚಿದ್ದ. ಉಸಿರನ್ನಂತೂ ಪೂರ್ತಿ ಹಿಡಿದುಬಿಟ್ಟಿದ್ದ. ನಡುವೆ ಒಮ್ಮೆ ವಾಚ್ ನೋಡಿಕೊಂಡ. "ಮೊದಲ ವಾರ 30 ಸೆಕೆಂಡ್ ಇತ್ತು, ಈಗ ಎರಡು ನಿಮಿಷ." ಶವಾಸನಕ್ಕೂ ಟೈಮರ್ ಇಡುತ್ತಿದ್ದನಂತೆ!

ಅಮ್ಮ ನಕ್ಕರು. ಅವರು ಯೋಗ ಶುರು ಮಾಡಿದ್ದೇ 50 ದಾಟಿದ ಮೇಲೆ. ಕೈ ಇನ್ನೂ ಪಾದ ಮುಟ್ಟುವುದಿಲ್ಲ. ಮಂಡಿ ಮಡಿಸಿಯೇ ಬಗ್ಗುತ್ತಾರೆ, ಸಾಕು ಅನ್ನಿಸಿದಾಗ ಏಳುತ್ತಾರೆ. ಬೆಳಗ್ಗೆ ಏಳುವಾಗ ಸೊಂಟ ಹಿಡಿಯುವುದು ಕಡಿಮೆಯಾಗಿದೆಯಂತೆ. "ನಾನು ಯಾರ ಜೊತೆ ಓಡಬೇಕು ಹೇಳಿ?" ಅಂದರು.

ಪತಂಜಲಿಯ ಸೂತ್ರ 'ಸ್ಥಿರಸುಖಮಾಸನಂ' ಅನ್ನುತ್ತದೆ, ಅಂದರೆ ಆಸನ ಸ್ಥಿರವಾಗಿಯೂ ಇರಬೇಕು, ಸುಖವಾಗಿಯೂ ಇರಬೇಕು. ಮಗನಲ್ಲಿ ಸ್ಥಿರ ಇತ್ತು, ಸುಖದ ಸುಳಿವೇ ಇರಲಿಲ್ಲ. ಯೋಗವನ್ನೂ ಆತ ಇನ್ನೊಂದು ರೇಸ್ ಮಾಡಿಕೊಂಡಿದ್ದ. ಯೋಗಕ್ಕೆ ಹೊಸಬರಾದ ಕ್ರೀಡಾಪಟುಗಳಲ್ಲಿ ಇದನ್ನು ಜಾಸ್ತಿ ನೋಡುತ್ತೇನೆ.

ಹೋಗುವ ಮುಂಚೆ, ಕೂತಾಗ ಪೃಷ್ಠದ ಕೆಳಗಿನ ಮೂಳೆ ಹತ್ತಿರ ನೋವು ಅಂತ ಸುಮ್ನೆ ಹೇಳಿದ. ತೊಡೆಯ ಹಿಂಭಾಗದ ಸ್ನಾಯು ಮೂಳೆಗೆ ಅಂಟುವ ಜಾಗ ಅದು. ಅಲ್ಲಿ ನೋವಿದ್ದಾಗ ಎಳೆದಷ್ಟೂ ಕೆರಳುತ್ತದೆ. ಅದು ನನ್ನ ಕೆಲಸವಲ್ಲ. ಮೊದಲು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ಅಲ್ಲಿಯವರೆಗೆ ಮುಂದೆ ಬಗ್ಗುವ ಆಸನ ಬೇಡವೇ ಬೇಡ ಅಂದೆ.

ಇನ್ನೊಂದು ತಪ್ಪು, ಆಸನ ಮಾಡುವ ಹೊತ್ತಿನದು. ಓಟಕ್ಕೆ ಮುಂಚೆ ಎರಡೆರಡು ನಿಮಿಷ ಎಳೆದು ಹಿಡಿದರೆ ಸ್ನಾಯುವಿನ ಚಿಮ್ಮುವ ಶಕ್ತಿ ಸ್ವಲ್ಪ ಹೊತ್ತು ಕುಗ್ಗುತ್ತದೆ. ಓಡುವ ಮುಂಚೆ ಕಾಲು ಬೀಸುವಂಥ ಚಲನೆ ಸಾಕು, ನಿಧಾನದ ಆಸನ ಸಂಜೆಗಿರಲಿ. ಒಂಟಿಕಾಲಲ್ಲಿ ನಿಲ್ಲುವ ವೃಕ್ಷಾಸನ ಬಿಡಬೇಡಿ ಅಂದೆ. ಓಟದಲ್ಲಿ ಪ್ರತಿ ಹೆಜ್ಜೆಯೂ ಒಂಟಿಕಾಲಿನದೇ ಅಲ್ವಾ?

ನಿದ್ದೆಗೆ ಹೇಳಿದ್ದು ಉಸಿರಾಟ ಮಾತ್ರ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ, ರಾತ್ರಿ 10 ನಿಮಿಷ. ಉಸಿರು ಬಿಡುವಾಗ ಎದೆಬಡಿತ ತಾನಾಗಿಯೇ ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದ. ಆದರೆ ರೇಸಿನ ಹಿಂದಿನ ರಾತ್ರಿ ಮೊದಲ ಸಲ ಮಾಡಿದರೆ ಕೈಕೊಡುತ್ತದೆ. ಮಾಮೂಲಿ ರಾತ್ರಿಗಳಲ್ಲೇ ರೂಢಿಯಾಗಬೇಕು. ವಾಚ್ ಬಿಚ್ಚಿಡಬೇಕು. ಇದಕ್ಕೆ ಮಾತ್ರ ಮುಖ ಸಿಂಡರಿಸಿದ.

ಐದು ವಾರ ಬಿಟ್ಟು ಬಂದರು. ನಡುವೆ ಒಂದು ರೇಸ್ ಆಗಿತ್ತು. ಟೈಮಿಂಗ್ ಏನೂ ಬದಲಾಗಿಲ್ಲ. ಹಿಂದಿನ ರಾತ್ರಿ ನಾಲ್ಕು ಗಂಟೆ ನಿದ್ದೆ ಬಂತಂತೆ.

"ಶವಾಸನದಲ್ಲೇ ನಿದ್ದೆ ಬಂದುಬಿಡುತ್ತೆ ಮೇಡಂ, ತಪ್ಪಾ?"

"ಸದ್ಯಕ್ಕೆ ತಪ್ಪಲ್ಲ, ಮಲಗಿ."

ಆ 10 ನಿಮಿಷ ವಾಚ್ ಅಮ್ಮನ ಹತ್ತಿರ ಇರುತ್ತದೆ. ನಡುವೆ ಎರಡು ಸಲ ಎಷ್ಟಾಯ್ತು ಅಂತ ಕೇಳುತ್ತಾನೆ ಅಂತ ಅವರ ದೂರು.