ಮೊದಲು ರೂಮು ಖಾಲಿಯಾಗಲಿ, ಆಮೇಲೆ ಫ್ಲ್ಯಾಟ್

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಬೇರೆ ಯಾವುದನ್ನೂ ತೆರೆಯುವ ಮನಸ್ಸಾಗಲಿಲ್ಲ. ಬರೆದವರು ಮೂವತ್ತಾರು ವರ್ಷದ ಹೆಣ್ಣುಮಗಳು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರ ಉದ್ದವಿತ್ತು, ಮುಖ್ಯವಾದಷ್ಟನ್ನು ಅವರ ಮಾತಿನಲ್ಲೇ ಕೊಡುತ್ತೇನೆ.

'ಎಂಟು ವರ್ಷದಿಂದ ನಗರದಲ್ಲಿ ಒಂದು ಸಣ್ಣ ಬಾಡಿಗೆ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದೇನೆ. ನಾಲ್ಕನೇ ಮಹಡಿ. ಮುಂಬಾಗಿಲನ್ನು ಮಂಡಿಯಿಂದ ಸ್ವಲ್ಪ ಒತ್ತಿ ಹಿಡಿದರೆ ಮಾತ್ರ ಬೀಗದಲ್ಲಿ ಕೀಲಿ ತಿರುಗುತ್ತದೆ. ಬೆಳಿಗ್ಗೆ ಅಡುಗೆಮನೆ ಕಟ್ಟೆ ಮೇಲೆ ಬಿಸಿಲು ಬೀಳುತ್ತದೆ. ಆ ಒಂದು ಗಂಟೆ ಯಾರ ಫೋನನ್ನೂ ಎತ್ತುವುದಿಲ್ಲ. ಮೂರು ತಿಂಗಳ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿದೆ, ವಾಕರ್ ಹಿಡಿದು ಓಡಾಡುತ್ತಾರೆ. ಅಪ್ಪ ಇಲ್ಲ. ಅಮ್ಮನ ಜೊತೆ ಅಣ್ಣ, ಅತ್ತಿಗೆ ಇದ್ದಾರೆ. ಅತ್ತಿಗೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಹಗಲು ಹೊತ್ತು ಅಮ್ಮನನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ನನ್ನ ಕೆಲಸ ಲ್ಯಾಪ್‌ಟಾಪ್ ಇದ್ದರೆ ಎಲ್ಲಿಂದಲಾದರೂ ಆಗುತ್ತದೆ. "ನಿಂಗೇನು, ಒಬ್ಬಳೇ ಇದ್ದೀಯ, ಸುಮ್ನೆ ಬಾಡಿಗೆ ಯಾಕೆ ಕಟ್ತೀಯ, ಬಂದುಬಿಡು" ಅಂತಾನೆ ಅಣ್ಣ. ನನಗೂ ಅಮ್ಮನ ಹತ್ತಿರ ಇರಬೇಕು ಅನ್ನಿಸುತ್ತದೆ. ಆದರೆ ಫ್ಲ್ಯಾಟ್ ಬಿಡಬೇಕು ಅಂದ ತಕ್ಷಣ ಅಳು ಬರುತ್ತದೆ. ನನ್ನ ಹಳೇ ರೂಮಿನಲ್ಲಿ ಈಗ ಅಣ್ಣ ಆಫೀಸ್ ಕೆಲಸ ಮಾಡುತ್ತಾನೆ, ನಾನು ಹಾಲ್‌ನಲ್ಲಿ ಮಲಗಿದರಾಯ್ತು, ಅದೇನೂ ದೊಡ್ಡ ವಿಷಯವಲ್ಲ. ಒಂದು ಬಾಡಿಗೆ ಮನೆಗೋಸ್ಕರ ಇಷ್ಟು ಅಳುವ ನಾನು ಸ್ವಾರ್ಥಿಯಾ?'

ಅಲ್ಲ. ನೀವು ಸ್ವಾರ್ಥಿ ಅಲ್ಲ. ಸ್ವಾರ್ಥಿಯಾಗಿದ್ದರೆ ಅಳುತ್ತಿರಲಿಲ್ಲ, ಕೆಲಸ ಜಾಸ್ತಿ ಇದೆ ಎಂದು ಹೇಳಿ ಫೋನ್ ಇಟ್ಟುಬಿಡುತ್ತಿದ್ದಿರಿ.

ಮನೆ ಬಿಡುವ ದುಃಖ ನಿಜವಾದ ದುಃಖ, ಅದು ಬಾಡಿಗೆ ಮನೆಯೇ ಆಗಿರಲಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ವೆಸ್ಟ್ ಎಂಡ್ ಎಂಬ ಇಡೀ ಬಡಾವಣೆಯನ್ನು ಕೆಡವಿ ಅಲ್ಲಿದ್ದವರನ್ನು ಬೇರೆ ಕಡೆಗೆ ಕಳಿಸಿದರು. ಹೊರಗಿನವರ ಕಣ್ಣಿಗೆ ಅವು ಹಳೇ, ಇಕ್ಕಟ್ಟಿನ ಮನೆಗಳು. ಮಾರ್ಕ್ ಫ್ರೈಡ್ ಎಂಬ ಮನಶ್ಶಾಸ್ತ್ರಜ್ಞರು ಆ ಜನರ ಪಾಡನ್ನು ಅಧ್ಯಯನ ಮಾಡಿ 1963ರಲ್ಲಿ ಬರೆದರು. ಹತ್ತಿರದವರು ತೀರಿಕೊಂಡಾಗ ಹೇಗೆ ದುಃಖಿಸುತ್ತಾರೋ ಅವರಲ್ಲಿ ಎಷ್ಟೋ ಜನ ಆ ಮನೆಗಳಿಗಾಗಿ ಹಾಗೇ ದುಃಖಿಸುತ್ತಿದ್ದರಂತೆ. ಎರಡು ವರ್ಷ ಕಳೆದರೂ ಕೆಲವರಿಗೆ ಅದು ಇಳಿದಿರಲಿಲ್ಲ. ಅವರನ್ನು ಬಲವಂತವಾಗಿ ಎಬ್ಬಿಸಿದ್ದರು, ನೀವು ಮನಸ್ಸಿಟ್ಟು ಹೊರಟಿದ್ದೀರಿ, ಅಷ್ಟು ವ್ಯತ್ಯಾಸ ಇದೆ. ಆದರೂ ಅಳು ಬರುತ್ತದೆ. ಬರಲಿ, ತಡೆಯಬೇಡಿ.

ಆ ಫ್ಲ್ಯಾಟಿನಲ್ಲಿ ನಿಮಗೆ ಇಷ್ಟವಾದದ್ದು ಗೋಡೆ, ಮಹಡಿ ಅಲ್ಲ. ಯಾವಾಗ ಏಳಬೇಕು, ಯಾರ ಫೋನ್ ಎತ್ತಬೇಕು, ಯಾವಾಗ ಸುಮ್ಮನಿರಬೇಕು ಎಂದು ಅಲ್ಲಿ ನೀವೇ ತೀರ್ಮಾನ ಮಾಡುತ್ತಿದ್ದಿರಿ. ತವರಿಗೆ ಮರಳಿದವರನ್ನು ಮನೆಯವರು ಅವರು ಬಿಟ್ಟು ಹೋದಾಗಿನ ವಯಸ್ಸಿನಲ್ಲೇ ನೋಡುತ್ತಾರೆ. ನಿಮಗೆ ಮೂವತ್ತಾರು, ಆ ಮನೆಯ ಲೆಕ್ಕದಲ್ಲಿ ಇನ್ನೂ ಇಪ್ಪತ್ತೆಂಟು. ಎಲ್ಲಿಗೆ ಹೊರಟೆ, ಎಷ್ಟೊತ್ತಿಗೆ ಬರ್ತೀಯ, ಇಷ್ಟು ಹೊತ್ತು ಯಾರ ಹತ್ತಿರ ಮಾತು ಅಂತ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಅದನ್ನೆಲ್ಲ ತಾಳಿಕೊಳ್ಳಬಹುದು, ಒಂದು ಷರತ್ತಿನ ಮೇಲೆ.

ಆ ಷರತ್ತು ನಿಮ್ಮ ಪತ್ರದ ಕೊನೆಯಲ್ಲಿ, 'ದೊಡ್ಡ ವಿಷಯವಲ್ಲ' ಎಂದು ನೀವು ಪಕ್ಕಕ್ಕೆ ತಳ್ಳಿದ ಸಾಲಿನಲ್ಲಿದೆ. ಇಡೀ ಪತ್ರದಲ್ಲಿ ಅದಕ್ಕಿಂತ ದೊಡ್ಡ ವಿಷಯ ನನಗೆ ಕಾಣಲಿಲ್ಲ.

ಈ ಅಂಕಣವನ್ನು ಓದುತ್ತಾ ಬಂದವರಿಗೆ ಗೊತ್ತು, ಬಾಗಿಲಿನ ವಿಷಯದಲ್ಲಿ ನಾನು ಹಟ ಬಿಡುವವಳಲ್ಲ. ಗಂಡ ಹೆಂಡತಿ ಜಗಳ ಇರಲಿ, ಅತ್ತೆ ಸೊಸೆ ಮನಸ್ತಾಪ ಇರಲಿ, ಮೊದಲು ಕೇಳುವುದು ಒಂದೇ ಪ್ರಶ್ನೆ. ಆ ಮನೆಯಲ್ಲಿ ನೀವು ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಒಂದು ಜಾಗ ಇದೆಯಾ? ಬಚ್ಚಲುಮನೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಾಲ್‌ನಲ್ಲಿ ಮಲಗುವವರು ಎಲ್ಲರಿಗಿಂತ ಕೊನೆಗೆ ಮಲಗಬೇಕು, ಎಲ್ಲರಿಗಿಂತ ಮೊದಲು ಏಳಬೇಕು. ಟಿವಿ ಆರುವವರೆಗೆ ಕಾಯಬೇಕು. ರಾತ್ರಿ ನೀರು ಕುಡಿಯಲು ಎದ್ದವರು ಲೈಟು ಹಾಕಿದರೆ ಎಚ್ಚರವಾಗುತ್ತದೆ. ಬೆಳಿಗ್ಗೆ ಹಾಸಿಗೆ ಸುತ್ತಿ ಸೋಫಾ ಹಿಂದೆ ತುರುಕಬೇಕು. ಬಟ್ಟೆ ಸೂಟ್‌ಕೇಸಿನಲ್ಲೇ ಇರುತ್ತದೆ, ತಿಂಗಳಾದರೂ. ಮೀಟಿಂಗ್‌ಗೆ ಕೂತರೆ ಬೆನ್ನ ಹಿಂದೆ ಯಾರೋ ಓಡಾಡುತ್ತಿರುತ್ತಾರೆ. ನೆಂಟರ ಹಾಗೆ ಒಂದು ವಾರ ಇದ್ದು ಬರಲು ಇದು ಸಾಕು. ಆದರೆ ಸೊಂಟದ ಮೂಳೆ ಮುರಿದವರು ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು, ಎಷ್ಟೋ ಸಲ ವರ್ಷವೇ ಹಿಡಿಯುತ್ತದೆ. ಕೆಲವರಿಗೆ ಮೊದಲಿನ ನಡಿಗೆ ಪೂರ್ತಿ ಮರಳುವುದಿಲ್ಲ. ಅಷ್ಟು ದಿನ ಹಾಲ್‌ನಲ್ಲಿ ಮಲಗಿ, ಹಗಲು ಆಫೀಸ್ ಕೆಲಸ ಮಾಡಿ, ಅದರ ನಡುವೆ ಅಮ್ಮನನ್ನೂ ನೋಡಿಕೊಂಡರೆ ನಿಮ್ಮ ಗತಿ ಏನು? ಆಮೇಲೆ ಸಿಟ್ಟು ತಿರುಗುವುದು ಅಮ್ಮನ ಮೇಲೆ. ಪಾಪ, ಅವರು ಕೇಳಿದ್ದೇ ಇಲ್ಲ.

ಹೌದು, ಅವರು ಕೇಳಿದ್ದೇ ಇಲ್ಲ. ಪತ್ರವನ್ನು ಮತ್ತೆ ಓದಿದೆ. 'ಬಂದುಬಿಡು' ಎಂದವರು ಅಣ್ಣ. ಅಮ್ಮ ಏನೆಂದರು ಎಂದು ನೀವು ಎಲ್ಲೂ ಬರೆದಿಲ್ಲ. ಅಣ್ಣನನ್ನು ನಡುವೆ ಬಿಡದೆ ಅಮ್ಮನ ಹತ್ತಿರವೇ ಮಾತಾಡಿ.

ಇನ್ನು ಅಣ್ಣನ ವಿಷಯ. ಇಲ್ಲಿ ನನಗೆ ಕೋಪ ಬಂದಿದೆ, ಮುಚ್ಚಿಡುವುದಿಲ್ಲ. ಹಗಲು ಹೊತ್ತು ಅಮ್ಮನನ್ನು ನೋಡಿಕೊಳ್ಳುವವರು ಯಾರೂ ಇಲ್ಲ ಎಂದು ಬರೆದಿದ್ದೀರಿ. ಅಣ್ಣ ನಿಮ್ಮ ರೂಮಿನಲ್ಲಿ ಕೂತು ಆಫೀಸ್ ಕೆಲಸ ಮಾಡುತ್ತಾರೆ ಎಂದೂ ಬರೆದಿದ್ದೀರಿ. ಹಾಗಾದರೆ ಹಗಲೆಲ್ಲ ಅವರು ಮನೆಯಲ್ಲೇ ಇದ್ದಾರಲ್ವಾ? ಅಮ್ಮನಿಂದ ಒಂದು ಗೋಡೆಯಾಚೆ! ನಿಮ್ಮ ಲ್ಯಾಪ್‌ಟಾಪ್ ಕೆಲಸದ ನಡುವೆ ಅಮ್ಮನಿಗೆ ಮಾತ್ರೆ ಕೊಡಬಹುದು, ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಬಹುದು ಎಂದಾದರೆ ಅವರ ಲ್ಯಾಪ್‌ಟಾಪ್ ಕೆಲಸದ ನಡುವೆ ಯಾಕೆ ಆಗುವುದಿಲ್ಲ? ಅವರದು ಕೆಲಸ, ನಿಮ್ಮದು 'ಎಲ್ಲಿಂದಲಾದರೂ ಆಗುತ್ತದೆ'. ಈ ತಾರತಮ್ಯ ನಿಮ್ಮ ಮನಸ್ಸಿನಲ್ಲೂ ಎಷ್ಟು ಆಳಕ್ಕೆ ಇಳಿದಿದೆ ಎಂದರೆ, ಅದನ್ನು ನೀವೇ ಬರೆದಿದ್ದರೂ ನಿಮಗೆ ಕಂಡಿಲ್ಲ.

ಇದು ನಿಮ್ಮ ಮನೆಯೊಂದರ ಕಥೆಯಲ್ಲ. ಜಗತ್ತಿನಲ್ಲಿ ಸಂಬಳವಿಲ್ಲದೆ ನಡೆಯುವ ಆರೈಕೆ, ಮನೆಗೆಲಸದ ಒಟ್ಟು ಗಂಟೆಗಳಲ್ಲಿ ಶೇ 76.2ರಷ್ಟು ಹೆಂಗಸರೇ ಮಾಡುತ್ತಿದ್ದಾರೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರ ವರದಿಯಲ್ಲಿ ಹೇಳಿದೆ. ಗಂಡಸರು ಮಾಡುವುದರ ಮೂರು ಪಟ್ಟಿಗೂ ಜಾಸ್ತಿ. ಒಬ್ಬಳೇ ಇರುವ ಮಗಳು, ತಂಗಿ ಎಂದರೆ ಯಾವಾಗ ಕರೆದರೂ ಬರುವ ಕೈ ಎಂದು ಎಲ್ಲರೂ ಅಂದುಕೊಂಡುಬಿಡುತ್ತಾರೆ. ಒಬ್ಬಳೇ ಇದ್ದ ಮಾತ್ರಕ್ಕೆ ನಿಮ್ಮ ಬದುಕು ಖಾಲಿ ಬಿದ್ದಿಲ್ಲ.

ಅತ್ತಿಗೆಯ ಬಗ್ಗೆ ಒಂದೇ ಮಾತು ಬರೆದಿದ್ದೀರಿ. ಈ ಮೂರು ತಿಂಗಳು ಕೆಲಸಕ್ಕೆ ಹೋಗುವ ಮುಂಚೆ ಅಮ್ಮನಿಗೆ ಸ್ನಾನ ಮಾಡಿಸಿದವರು ಯಾರು, ರಾತ್ರಿ ಎದ್ದು ಬಚ್ಚಲಿಗೆ ಕೈಹಿಡಿದು ಕರೆದುಕೊಂಡು ಹೋದವರು ಯಾರು ಎಂದು ಕೇಳಿ ನೋಡಿ. ಅತ್ತಿಗೆ ಎಂದಾದರೆ ಅವರೂ ಸುಸ್ತಾಗಿದ್ದಾರೆ. ಅವರೊಂದಿಗೆ ಮಾತಾಡಿ, ನಿಮ್ಮ ಪರವಾಗಿ ನಿಲ್ಲಬಹುದು.

ಅಮ್ಮನ ಹತ್ತಿರ ಇರಬೇಕು ಎಂಬ ಆಸೆ ನಿಮ್ಮದೇ. ಅದಕ್ಕಾಗಿ ಹೋಗಿ, ನಾನು ಬೇಡ ಎನ್ನುವುದಿಲ್ಲ. ನನ್ನ ಸಲಹೆ ಒಂದೇ. ನಿಮ್ಮ ಹಳೇ ರೂಮು ಖಾಲಿಯಾಗಿ, ಅದರಲ್ಲಿ ನಿಮ್ಮ ಮಂಚ ಮೇಜು ಬಂದು, ಒಳಗಿನ ಚಿಲಕ ಬೀಳುತ್ತದೆ ಎಂದು ಕಣ್ಣಾರೆ ನೋಡುವವರೆಗೆ ಫ್ಲ್ಯಾಟಿನ ಮಾಲೀಕರಿಗೆ ನೋಟಿಸ್ ಕೊಡಬೇಡಿ. ಫೋನಿನಲ್ಲಿ 'ಆಯ್ತು, ಮಾಡೋಣ' ಎಂದರೆ ಸಾಲದು. ಫೋಟೋ ಕಳಿಸಿದರೂ ಸಾಲದು. ಹೋಗಿ ನೋಡಿ.

ಈ ಕ್ರಮ ತಪ್ಪಬಾರದು. ಫ್ಲ್ಯಾಟ್ ಕೈಯಲ್ಲಿರುವವರೆಗೆ ಅಣ್ಣ ನಿಮ್ಮ ಮಾತು ಕೇಳಲೇಬೇಕು. ಬಿಟ್ಟು, ಸಾಮಾನು ಲಾರಿಗೆ ಏರಿಸಿದ ಮೇಲೆ ಹೋಗಲು ನಿಮಗೆ ಬೇರೆ ಜಾಗವಿಲ್ಲ ಎಂದು ಎಲ್ಲರಿಗೂ ಗೊತ್ತಾಗಿರುತ್ತದೆ. ಆಗ 'ಸ್ವಲ್ಪ ದಿನ ಹೊಂದಿಕೋ' ಎಂಬ ಮಾತು ಬರುತ್ತದೆ, ಆ ಸ್ವಲ್ಪ ದಿನ ಮುಗಿಯುವುದೇ ಇಲ್ಲ.

ರೂಮು ಸಿದ್ಧವಾದ ಮೇಲೂ ಮೊದಲ ತಿಂಗಳು ಫ್ಲ್ಯಾಟ್ ಇಟ್ಟುಕೊಂಡೇ ಅಮ್ಮನ ಮನೆಯಲ್ಲಿ ಇದ್ದು ನೋಡಿ. ಒಂದು ತಿಂಗಳ ಬಾಡಿಗೆ ಹೋಗುತ್ತದೆ. ಹೋಗಲಿ, ಅದು ದಂಡವಲ್ಲ. ಕೊನೆಗೆ ಬಿಡುವುದೇ ಎಂದಾದರೆ ಕರಾರಿನಲ್ಲಿ ನೋಟಿಸ್ ಎಷ್ಟು ದಿನ ಎಂದಿದೆಯೋ ನೋಡಿ ಲಿಖಿತವಾಗಿ ಕೊಡಿ. ಖಾಲಿ ಮನೆಯ ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಮೀಟರ್ ರೀಡಿಂಗ್ ಬರೆದಿಡಿ, ಅಡ್ವಾನ್ಸ್ ಯಾವಾಗ ಹಿಂದಿರುಗುತ್ತದೆ ಎಂಬುದನ್ನೂ ಬರವಣಿಗೆಯಲ್ಲಿ ಪಡೆಯಿರಿ.

ಅಣ್ಣನಿಗೆ ಇವತ್ತೇ ಫೋನ್ ಮಾಡಿ. ಜಗಳ ಬೇಡ, ಉದ್ದ ವಿವರಣೆಯೂ ಬೇಡ. 'ನಾನು ಬರ್ತೀನಿ. ನನ್ನ ರೂಮು ಯಾವ ತಾರೀಕಿಗೆ ಖಾಲಿಯಾಗುತ್ತೆ?' ಅಂತ ಕೇಳಿ, ತಾರೀಕು ಬರುವವರೆಗೆ ಸುಮ್ಮನಿರಿ. 'ನೋಡೋಣ' ಎಂಬುದು ತಾರೀಕಲ್ಲ. ಅದೇ ಫೋನಿನಲ್ಲಿ ಇನ್ನೊಂದು ಕೇಳಿ. ಬಚ್ಚಲಿನ ಗೋಡೆಗೆ ಹಿಡಿ ಹಾಕಿಸಿದ್ದಾರಾ, ರಾತ್ರಿ ದೀಪ ಇದೆಯಾ, ಜಾರುವ ಕಾಲೊರಸು ತೆಗೆದಿದ್ದಾರಾ? ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಜಾಸ್ತಿ. ಇದಕ್ಕೆಲ್ಲ ನೀವು ಬರುವವರೆಗೆ ಕಾಯಬೇಕಾಗಿಲ್ಲ.

ರೂಮು ಕೊಡಲು ಆಗುವುದೇ ಇಲ್ಲ ಎಂದರೆ ಫ್ಲ್ಯಾಟ್ ಬಿಡಬೇಡಿ. ಹಗಲಿಗೆ ಅಮ್ಮನನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿ, ಆ ಖರ್ಚನ್ನು ಅಣ್ಣ ತಂಗಿ ಸಮನಾಗಿ ಹಂಚಿಕೊಳ್ಳಿ. ಆಗಾಗ ರಜೆ ಹಾಕಿ ಹೋಗಿ ಅಮ್ಮನ ಹತ್ತಿರ ಇರಿ. ಹೋದಾಗ ಅಮ್ಮನ ರೂಮಿನಲ್ಲಿ ಮಲಗಿ, ಹಾಲ್‌ನಲ್ಲಿ ಬೇಡ.