ಪರೀಕ್ಷೆಗೆ ಕೊಟ್ಟ ರಕ್ತದಿಂದ ಲ್ಯಾಬ್‌ನವರು ನಮ್ಮ ಜೀನ್‌ಗೆ ಪೇಟೆಂಟ್ ಮಾಡಿಸಿಕೊಳ್ಳಬಹುದೇ?

ಇಲ್ಲ ನೋಡ್ರಿ. ಕಲಬುರಗಿಯಲ್ಲಿ ನಿಮ್ಮ ಅಕ್ಕನವರ ಬಿಆರ್‌ಸಿಎ (ಸ್ತನ, ಅಂಡಾಶಯ ಕ್ಯಾನ್ಸರಿನ ಅಪಾಯ ತೋರಿಸುವ ಜೀನ್‌ಗಳ) ಪರೀಕ್ಷೆಗೆ ಕೊಟ್ಟ ರಕ್ತ ಹೈದರಾಬಾದಿಗೆ ಹೋಗಲಿ, ಬೆಂಗಳೂರಿಗೆ ಹೋಗಲಿ, ಅದರೊಳಗಿನ ಜೀನ್ ಇದ್ದ ಹಾಗೆಯೇ ಯಾರ ಪೇಟೆಂಟೂ ಆಗದು. 1970ರ ಪೇಟೆಂಟ್ ಕಾಯ್ದೆಯ ಕಲಂ 3(ಸಿ) ಪ್ರಕೃತಿಯಲ್ಲಿ ಮೊದಲೇ ಇರುವುದನ್ನು ಕಂಡುಹಿಡಿದರೆ ಅದನ್ನು ಆವಿಷ್ಕಾರ ಅನ್ನುವುದಿಲ್ಲ. ರೋಗ ಪತ್ತೆಯ ವಿಧಾನವನ್ನು 3(ಐ) ಹೊರಗಿಡುತ್ತದೆ. ಪರೀಕ್ಷೆಯ ಯಂತ್ರದ ಮಾತು ಬೇರೆ, ಅದಕ್ಕೆ ಪೇಟೆಂಟ್ ಸಿಗಬಹುದು.

ಅಮೆರಿಕದಲ್ಲಿ ಮಿರಿಯಡ್ ಜೆನೆಟಿಕ್ಸ್ ಎಂಬ ಕಂಪನಿ ಇದೇ ಜೀನ್‌ಗಳ ಪೇಟೆಂಟ್ ಹಿಡಿದು ಬೇರೆ ಲ್ಯಾಬ್‌ಗಳ ಪರೀಕ್ಷೆ ನಿಲ್ಲಿಸಿತ್ತು. ದೇಹದಿಂದ ಬೇರ್ಪಡಿಸಿದ ಮಾತ್ರಕ್ಕೆ ಡಿಎನ್‌ಎ ಹೊಸ ವಸ್ತುವಾಗದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2013ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ಎಂಆರ್‌ಎನ್‌ಎಯಿಂದ (ಕೋಶದಲ್ಲಿ ಜೀನ್‌ನ ಸಂದೇಶ ಒಯ್ಯುವ ಪ್ರತಿ) ಲ್ಯಾಬ್‌ನಲ್ಲಿ ತಯಾರಿಸುವ ಡಿಎನ್‌ಎ, ಅಂದರೆ ಸಿಡಿಎನ್‌ಎಗೆ ಮಾತ್ರ ಪೇಟೆಂಟ್ ಸಲ್ಲುತ್ತದೆ ಎಂದಿತು. ಯುರೋಪಿಯನ್ ಒಕ್ಕೂಟದ 1998ರ ಕಾನೂನು ನಿರ್ದೇಶನ ಇದಕ್ಕೆ ಉಲ್ಟಾ: ಬೇರ್ಪಡಿಸಿದ ಜೀನ್‌ಗೂ ಪೇಟೆಂಟ್ ಸಿಗಬಹುದು, ಅದರ ಉಪಯೋಗವನ್ನು ಅರ್ಜಿಯಲ್ಲೇ ತೋರಿಸಬೇಕು.

ನನ್ನ ಕೇಳಿದರೆ, ನೀವು ಹೆದರಬೇಕಾದದ್ದು ಪೇಟೆಂಟಿಗಲ್ಲ, ಓದದೆ ಸಹಿ ಹಾಕುವ ಸಮ್ಮತಿ ಪತ್ರಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ಮೂರ್ ಎಂಬ ರೋಗಿಯ ಗುಲ್ಮದ ಕೋಶಗಳಿಂದ ಬೆಳೆಸಿದ ಸೆಲ್ ಲೈನ್‌ಗೆ (ಲ್ಯಾಬ್‌ನಲ್ಲಿ ಬೆಳೆಯುತ್ತಲೇ ಇರುವ ಕೋಶಗಳ ಗುಂಪಿಗೆ) ಪೇಟೆಂಟ್ ಆಗಿತ್ತು. 1990ರಲ್ಲಿ ಕೋರ್ಟ್ ಕೋಶಗಳ ಒಡೆತನ ರೋಗಿಗೆ ಕೊಡಲಿಲ್ಲ; ಚಿಕಿತ್ಸೆ ಕೊಟ್ಟ ವೈದ್ಯ ತನ್ನ ಲಾಭದ ವಿಷಯ ಮೊದಲೇ ತಿಳಿಸಬೇಕಿತ್ತು ಎಂದಷ್ಟೇ ಹೇಳಿತು. ಹಾಗಾಗಿ ಫಾರ್ಮ್‌ನಲ್ಲಿ 'ಉಳಿದ ಮಾದರಿ ಸಂಶೋಧನೆಗೆ' ಅನ್ನುವ ಸಾಲು ಹುಡುಕಿ. ಅದು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲೂ ಇರಬಹುದು. ಬೇಡವೆಂದರೆ ಗೀಟು ಹಾಕಿ, ಪಕ್ಕದಲ್ಲೇ ಸಹಿ ಮಾಡಿ, ಒಂದು ಝೆರಾಕ್ಸ್ ಇಸ್ಕೊಳ್ರಿ.