ಮಿದುಳಿನ ಅಲೆಯಿಂದ ಕನ್ನಡಕದ ಕ್ಯಾಮೆರಾ ಕ್ಲಿಕ್ ಮಾಡಿಸಬೇಕು, ಕೊನೆ ವರ್ಷದ ಪ್ರಾಜೆಕ್ಟ್. ಒಂದು ಎಲೆಕ್ಟ್ರೋಡಿನ (ಸಿಗ್ನಲ್ ಹಿಡಿಯಲು ಚರ್ಮಕ್ಕೆ ತಾಗಿಸುವ ಬಿಲ್ಲೆ) ಹೆಡ್‌ಸೆಟ್ ಸಾಕಾ, ಎಂಟರದ್ದು ಬೇಕಾ?

ಸದ್ಯಕ್ಕೆ ಎರಡೂ ಬೇಡ. ದುಡ್ಡು ಕೊಡುವ ಮೊದಲು ನನ್ನ ಕಥೆ ಕೇಳಿ.

ದಾವಣಗೆರೆಯಲ್ಲಿ ಓದುವಾಗ ನಾವು ಮೂವರು ಮಾಡಿದ್ದೂ ಇದನ್ನೇ. 2013ರಲ್ಲಿ ಜಪಾನಿನ ನ್ಯೂರೋವೇರ್ ತಂಡ ‘ನ್ಯೂರೋಕ್ಯಾಮ್’ ತೋರಿಸಿತ್ತು. ಮಿದುಳಿನ ಅಲೆಯಿಂದ ಲೆಕ್ಕ ಹಾಕಿದ ಆಸಕ್ತಿಯ ಅಂಕ 100ಕ್ಕೆ 60 ದಾಟಿದರೆ ತಲೆಗೆ ಕಟ್ಟಿದ ಫೋನು ತಾನಾಗಿ 5 ಸೆಕೆಂಡ್ ರೆಕಾರ್ಡ್ ಮಾಡುತ್ತಿತ್ತು. ಅದನ್ನೇ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇಟ್ಟು ಅಗ್ಗದಲ್ಲಿ ಮಾಡೋಣ ಅಂತ ಹೊರಟೆವು. ಹಣೆಗೆ ಒಂದು ಎಲೆಕ್ಟ್ರೋಡ್, ಕಿವಿಗೆ ಒಂದು ಕ್ಲಿಪ್. ಗಮನ ಕೊಟ್ಟಾಗ ಬೀಟಾ ಅಲೆ, ಅಂದರೆ 13ರಿಂದ 30 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಏರಿಳಿಯುವ ಅಲೆ), ಜಾಸ್ತಿ ಆಗುತ್ತೆ ಅಂತ ಓದಿದ್ದೆವು. ಬೀಟಾ ಏರಿದರೆ ಫೋಟೊ. ಕೋಡು ಎರಡು ದಿನದ ಕೆಲಸ.

ಒಂದು ಸಂಜೆ ಗೆಳೆಯ ಹೆಡ್‌ಸೆಟ್ ಹಾಕಿಕೊಂಡೇ ಮಂಡಕ್ಕಿ-ಮಿರ್ಚಿ ತಿನ್ನಲು ಕೂತ. ಕ್ಯಾಮೆರಾ ಟಕ್ ಟಕ್ ಅಂತ ಶುರು ಮಾಡಿತು. ಪೇಪರ್ ಪೊಟ್ಟಣ, ಹೆಚ್ಚಿದ ಈರುಳ್ಳಿ, ಅರ್ಧ ಕಚ್ಚಿದ ಮಿರ್ಚಿ, ಹೀಗೆ ಮೂವತ್ತೋ ನಲವತ್ತೋ ಫೋಟೊ. ‘ನೋಡ್ರಲೇ, ಮಿರ್ಚಿ ಕಂಡ್ರೆ ಇವನ ತಲೆ ಹೆಂಗೆ ಓಡ್ತದೆ!’ ಅಂತ ಬಿದ್ದು ಬಿದ್ದು ನಕ್ಕೆವು. ನಕ್ಕು ಸುಮ್ನೆ ಇರದೆ ರಿಪೋರ್ಟಿಗೂ ಹಾಕಿದೆವು.

ತಪ್ಪು ಆಗಿದ್ದು ಇಲ್ಲೇ. ಬೀಟಾ ಎಷ್ಟು ಅನ್ನೋ ಅಂಕವನ್ನಷ್ಟೇ ನೋಡಿದೆವು, ಕಚ್ಚಾ ಅಲೆಯನ್ನು ಒಂದು ಸಲವೂ ಗ್ರಾಫ್ ಹಾಕಿ ನೋಡಲಿಲ್ಲ. ತಲೆಯ ಚರ್ಮದ ಮೇಲೆ ಮಿದುಳಿನ ಸಿಗ್ನಲ್ ಸಿಗೋದು ಹತ್ತಾರು ಮೈಕ್ರೊವೋಲ್ಟ್ (ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು) ಅಷ್ಟೇ. ಕಣ್ಣು ಮಿಟುಕಿಸಿದರೆ ಸಲೀಸಾಗಿ ನೂರು ದಾಟುತ್ತೆ. ದವಡೆ ಬಿಗಿದರಂತೂ ಸ್ನಾಯುವಿನ ಸಿಗ್ನಲ್ 20 ಹರ್ಟ್ಸ್‌ನಿಂದ ನೂರಾರು ಹರ್ಟ್ಸ್‌ವರೆಗೆ ಚೆಲ್ಲಾಡಿ ಬೀಟಾವನ್ನು ಮುಳುಗಿಸಿಬಿಡುತ್ತೆ. 50 ಹರ್ಟ್ಸ್ ಫಿಲ್ಟರ್ ಹಾಕಿದ್ದೇವಲ್ಲ, ಇನ್ನೇನು ಭಯ ಅಂದುಕೊಂಡಿದ್ದೆವು. ಅದು ತೆಗೆಯೋದು ಕರೆಂಟಿನ ಗುಂಯ್‌ಗುಡುವಿಕೆಯನ್ನು, ಮಂಡಕ್ಕಿ ಅಗಿಯೋದನ್ನಲ್ಲ. ಅಷ್ಟೇ ಅಲ್ಲ, ‘ಏಕಾಗ್ರತೆ’ ಮಾಡುವಾಗಲೆಲ್ಲ ನಾನು ಹಲ್ಲು ಕಚ್ಚಿ ಹುಬ್ಬು ಗಂಟಿಕ್ಕುತ್ತಿದ್ದೆ. ನನಗೇ ಗೊತ್ತಿರಲಿಲ್ಲ.

ವೈವಾ ದಿನ ಹೊರಗಿನಿಂದ ಬಂದ ಎಕ್ಸಾಮಿನರ್ ಆ ಮಿರ್ಚಿ ಪುಟಕ್ಕೆ ಬಂದು ನಿಂತರು. ‘ಬಾಯಿ ಸಡಿಲ ಬಿಡಪ್ಪ. ಹಣೆ ಸಡಿಲ ಬಿಡು. ಈಗ ಫೋಟೊ ತೆಗಿ’ ಅಂದರು. ಐದು ನಿಮಿಷ ಆದರೂ ಕ್ಯಾಮೆರಾ ಉಸಿರೆತ್ತಲಿಲ್ಲ. ‘ಸರಿ, ಏನೂ ಯೋಚನೆ ಮಾಡಬೇಡ, ಸುಮ್ನೆ ಹಲ್ಲು ಕಚ್ಚು.’

ಟಕ್.

ಪಾಸಾದೆವು. ಮಾರ್ಕ್ಸ್ ಎಷ್ಟು ಅಂತ ಮಾತ್ರ ಕೇಳಬೇಡಿ.

ಕೈ ಮುಟ್ಟಿಸದೆ ಫೋಟೊ ತೆಗೆಯೋದೇ ನಿಮ್ಮ ಆಸೆ ಅಂದರೆ ಹಲ್ಲು ಕಚ್ಚುವುದನ್ನೇ ಸ್ವಿಚ್ ಮಾಡಿ, ರಿಪೋರ್ಟಲ್ಲೂ ಹಾಗಂತಲೇ ಬರೆಯಿರಿ. ಅದರಲ್ಲಿ ನಾಚಿಕೆ ಏನಿದೆ? ಇಲ್ಲ, ಮಿದುಳೇ ಆಗಬೇಕು ಅಂದರೆ ಆಲ್ಫಾ ಹಿಡಿಯಿರಿ. 1929ರಲ್ಲಿ ಮನುಷ್ಯರ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಯ ದಾಖಲೆ, ಅದರ ಬಗ್ಗೆ ಮೊದಲು ಬರೆದ ಹ್ಯಾನ್ಸ್ ಬರ್ಗರ್ ಕಂಡ ಅಲೆ ಅದು. ಕಣ್ಣು ಮುಚ್ಚಿದರೆ ತಲೆಯ ಹಿಂಭಾಗದಲ್ಲಿ 8ರಿಂದ 12 ಹರ್ಟ್ಸ್ ಎದ್ದು ಕಾಣುತ್ತೆ. ಎಲೆಕ್ಟ್ರೋಡ್ ಹಣೆಗಲ್ಲ, ಅಲ್ಲಿಗೆ ಹಾಕಬೇಕು. ತೊಂದರೆ ಒಂದೇ, ಫೋಟೊ ತೆಗೆಯುವಾಗ ನಿಮ್ಮ ಕಣ್ಣು ಮುಚ್ಚಿರುತ್ತೆ.